ರೆಪ್ಪೆಗೆ ನೆಟ್ಟ ಕೂದಲು ಬೆಳೆಯುತ್ತಲೇ ಇರುತ್ತದೆ

ನನ್ನ ಬಲಗಣ್ಣಿನ ಮೇಲಿನ ರೆಪ್ಪೆಯ ಹೊರಗಿನ ಅರ್ಧದಲ್ಲಿ ಇರುವುದು ತಲೆಕೂದಲು. ಕಿವಿಯ ಹಿಂದಿನಿಂದ ತೆಗೆದು ಅಲ್ಲಿ ನೆಟ್ಟದ್ದು. ತೀರ ಹತ್ತಿರ ಬಂದು ನೋಡದಿದ್ದರೆ ಗೊತ್ತಾಗುವುದಿಲ್ಲ. ಆದರೆ ಅದು ಬೆಳೆಯುತ್ತದೆ. ವಾರಕ್ಕೊಮ್ಮೆಯಾದರೂ ಕತ್ತರಿಸಬೇಕು. ಸುಮ್ನೆ ಬಿಟ್ಟರೆ ಕಣ್ಣಿನ ಮುಂದೆ ಜೋತು ಬೀಳುತ್ತದೆ.

ರೆಪ್ಪೆಗೂದಲು ಕಸಿ ಮಾಡಿಸಬೇಕು ಎಂದು ಯೋಚಿಸುವ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಈಗ ಕೇಳುವವರು ಜಾಸ್ತಿ ಆಗಿದ್ದಾರೆ. ಬೆಂಕಿ ತಗಲಿದವರು, ಕೂದಲು ಉದುರುವ ಕಾಯಿಲೆ ಇರುವವರು, ಮದುವೆಗೆ ಮೊದಲು ಕಣ್ಣು ಚಂದ ಕಾಣಲಿ ಎನ್ನುವ ಹುಡುಗಿಯರು. ಎಲ್ಲರೂ ಮೊಬೈಲಿನಲ್ಲಿ ಫೋಟೋ ನೋಡಿರುತ್ತಾರೆ. ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಎಂಬ ಎರಡು ಫೋಟೋ. ಆ ಎರಡರ ನಡುವೆ ಏನಿದೆ, ಎರಡನೆಯದರ ನಂತರ ಏನಿದೆ ಎಂಬುದು ಫೋಟೋದಲ್ಲಿ ಇರುವುದಿಲ್ಲ. ಅದನ್ನು ಬರೆಯುತ್ತೇನೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ನಾನು. ನಮ್ಮ ಕಡೆ ಇನ್ನೂ ತುಂಬಾ ಮನೆಗಳಲ್ಲಿ ಇರುವ ಹಾಗೆ ನಮ್ಮಲ್ಲೂ ಸ್ನಾನದ ನೀರು ಬಚ್ಚಲು ಒಲೆಯ ಹಂಡೆಯಲ್ಲಿ ಕಾಯುವುದು. ಮಳೆಗಾಲ. ಸೋಗೆ ಒದ್ದೆ. ಬೆಂಕಿ ಹಿಡಿಯಲಿಲ್ಲ ಎಂದು ಕೆಲಸದವರು ಯಾರೋ ಸೀಮೆಎಣ್ಣೆ ಸುರಿದು ಹೋಗಿದ್ದರು. ನಾನು ಬಗ್ಗಿ ಊದಿದೆ. ಒಮ್ಮೆಲೇ ಭಗ್ಗನೆ ಹತ್ತಿತು. ಸುಟ್ಟ ಹುಬ್ಬು ಆಮೇಲೆ ಮತ್ತೆ ಬೆಳೆದು ಬಂತು. ಎಡಗಣ್ಣಿಗೆ ಏನೂ ಆಗಲಿಲ್ಲ. ಬಲರೆಪ್ಪೆಯ ಅಂಚಿನಲ್ಲಿ ಮಾತ್ರ ಚರ್ಮ ಸುಟ್ಟು ಕಲೆ ಉಳಿಯಿತು. ಅಲ್ಲಿ ಮತ್ತೆ ಕೂದಲು ಬರಲಿಲ್ಲ.

ಬರಿ ನೋಟದ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಅಂಗಳದಲ್ಲಿ ಅಡಿಕೆ ಒಣಗಿದಾಗ, ಸುಲಿಯುವಾಗ ಏಳುವ ಧೂಳು ನೇರ ಕಣ್ಣಿಗೆ ಬೀಳುತ್ತಿತ್ತು. ಸ್ಕೂಟರಿನಲ್ಲಿ ಹೋದರೆ ಬಲಗಣ್ಣಿನಲ್ಲಿ ನೀರು. ರೆಪ್ಪೆಗೂದಲಿಗೆ ಏನಾದರೂ ತಾಗಿದ ಕೂಡಲೇ ಕಣ್ಣು ತನ್ನಷ್ಟಕ್ಕೆ ಮುಚ್ಚುತ್ತದೆ, ಅಲ್ವಾ? ಆ ಮುನ್ಸೂಚನೆಯೇ ಹೋಗಿತ್ತು. 2015ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಡೇವಿಡ್ ಹೂ ಅವರ ತಂಡ 22 ಬಗೆಯ ಸಸ್ತನಿಗಳ ರೆಪ್ಪೆಗೂದಲನ್ನು ಅಳೆದು ನೋಡಿತ್ತು. ಹೆಚ್ಚು ಕಡಿಮೆ ಎಲ್ಲದರಲ್ಲೂ ಕೂದಲಿನ ಉದ್ದ ಕಣ್ಣಿನ ಅಗಲದ ಮೂರನೇ ಒಂದು ಭಾಗ. ಅಷ್ಟು ಉದ್ದ ಇದ್ದಾಗ ಕಣ್ಣಿನ ಮೇಲೆ ಹಾಯುವ ಗಾಳಿ ಕಡಿಮೆ ಆಗುತ್ತದೆ, ಧೂಳು ಬೀಳುವುದೂ ಕಣ್ಣು ಒಣಗುವುದೂ ಅರ್ಧದಷ್ಟು ತಗ್ಗುತ್ತದೆ. ಅದಕ್ಕಿಂತ ಉದ್ದವಾದರೆ ಗಾಳಿಯನ್ನು ಕಣ್ಣಿನ ಕಡೆಗೇ ತಿರುಗಿಸುತ್ತದೆ. ಉದ್ದ ಇದ್ದಷ್ಟೂ ಒಳ್ಳೆಯದು ಎನ್ನುವ ಹುಡುಗಿಯರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ನಾನು ಮೊದಲು ಹೋದದ್ದು ಕೂದಲು ಕಸಿ ಮಾಡುವ ಒಂದು ಕ್ಲಿನಿಕ್ಕಿಗೆ. ಒಳಗೆ ಕೂತವರು ಕಲೆಯನ್ನು ಮುಟ್ಟಿ ನೋಡಲಿಲ್ಲ. ಕಣ್ಣು ಒಣಗುತ್ತದಾ, ಶುಗರ್ ಉಂಟಾ, ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಲಿಲ್ಲ. "ಒಂದು ಕಣ್ಣಿಗೆ ಮಾಡಿದರೆ ಜೋಡಿ ಆಗುವುದಿಲ್ಲ ಮೇಡಂ, ಎರಡಕ್ಕೂ ಮಾಡಿಸಿ, ಪ್ಯಾಕೇಜಲ್ಲಿ ಕಡಿಮೆ ಮಾಡ್ತೇವೆ" ಎಂದರು. ಚೆನ್ನಾಗಿರುವ ಎಡಗಣ್ಣಿಗೆ ಸೂಜಿ ಹಾಕುವುದು! ಕೂದಲು ನೆಡುವವರು ಯಾರು ಎಂದು ಕೇಳಿದೆ. "ನಮ್ಮ ಟೀಮ್" ಎಂದರು. ಟೀಮಿನಲ್ಲಿ ಡಾಕ್ಟರ್ ಯಾರು ಎಂಬುದಕ್ಕೆ ಸರಿಯಾದ ಉತ್ತರ ಬರಲಿಲ್ಲ. ನಾನು ಎದ್ದು ಬಂದೆ.

ಆ ಪ್ರಶ್ನೆ ಕೇಳುವ ಹಕ್ಕು ನಮಗೆಲ್ಲ ಇದೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿಯ ಬಗ್ಗೆ ಸೂಚನೆ ಹೊರಡಿಸಿದೆ. ಶಸ್ತ್ರಚಿಕಿತ್ಸೆಯಲ್ಲಿ ಸರಿಯಾದ ತರಬೇತಿ ಪಡೆದ, ನೋಂದಣಿ ಇರುವ ಡಾಕ್ಟರೇ ಮಾಡಬೇಕು. ವರ್ಕ್‌ಶಾಪಿಗೆ ಹೋಗಿ ಬಂದದ್ದು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಎನಿಸುವುದಿಲ್ಲ. ತಲೆಗೇ ಇಷ್ಟು ಎಚ್ಚರಿಕೆ ಬೇಕಾದರೆ, ಕಣ್ಣುಗುಡ್ಡೆಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಸೂಜಿ ಓಡಾಡುವ ಕೆಲಸಕ್ಕೆ ಎಷ್ಟು ಬೇಕು? ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ರೆಪ್ಪೆ ಮತ್ತು ಕಣ್ಣಿನ ಸುತ್ತಲ ಭಾಗದ ಶಸ್ತ್ರಚಿಕಿತ್ಸೆ ಮಾಡುವ ಕಣ್ಣಿನ ಡಾಕ್ಟರನ್ನು ಒಮ್ಮೆಯಾದರೂ ಕಾಣದೆ ಯಾರೂ ಒಪ್ಪಿಕೊಳ್ಳಬಾರದು. ಇವರನ್ನು ಒಕ್ಯುಲೋಪ್ಲಾಸ್ಟಿ ಸರ್ಜನ್ ಎನ್ನುತ್ತಾರೆ. ನಮಗೆ ಹತ್ತಿರ ಮಂಗಳೂರು. ತಾಳವಾಡಿ, ಹೊಸೂರು ಕಡೆಯ ಕನ್ನಡದವರಿಗೆ ಮದುರೈಯ ಅರವಿಂದ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯದಂಥ ಕಡೆ ರೆಪ್ಪೆಗೆಂದೇ ಬೇರೆ ವಿಭಾಗ ಇದೆ.

ಮಂಗಳೂರಿನಲ್ಲಿ ನಾನು ಕಂಡ ಡಾಕ್ಟರಮ್ಮ ಮೊದಲ ದಿನ ಕಸಿಯ ಮಾತೇ ಎತ್ತಲಿಲ್ಲ. ಕೂದಲು ಯಾಕೆ ಹೋಯಿತು ಎಂಬುದನ್ನೇ ಕೇಳುತ್ತಾ ಕೂತರು. ಬೆಂಕಿ ಎಂದು ಹೇಳಿದ ಮೇಲೂ ರೆಪ್ಪೆಯ ಅಂಚನ್ನು ಯಂತ್ರದ ಕೆಳಗೆ ನೋಡಿದರು. ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಇದು ಎಲ್ಲಕ್ಕಿಂತ ಮುಖ್ಯ. ರೆಪ್ಪೆಗೂದಲು ಉದುರುವುದು ಎಷ್ಟೋ ಸಲ ಬೇರೆ ಕಾಯಿಲೆಯ ಗುರುತು. ಥೈರಾಯ್ಡ್ ಇರಬಹುದು. ರೆಪ್ಪೆಯ ಅಂಚಿನಲ್ಲಿ ಹೊಟ್ಟು ಕಟ್ಟಿ ಉರಿಯುವ ಬ್ಲೆಫರೈಟಿಸ್ ಇರಬಹುದು. ಹುಬ್ಬು, ರೆಪ್ಪೆ ಎರಡೂ ಉದುರುವುದು ಕುಷ್ಠರೋಗದ ಹಳೆಯ ಲಕ್ಷಣ. ರೆಪ್ಪೆಯ ಒಂದೇ ಕಡೆ ಕೂದಲು ಹೋಗಿ, ಅಲ್ಲಿ ಗಂಟು ಅಥವಾ ವಾಸಿಯಾಗದ ಹುಣ್ಣು ಇದ್ದರೆ ರೆಪ್ಪೆಯ ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು. ಕಣ್ಕುಟಿಕೆ ಎಂದುಕೊಂಡು ತಿಂಗಳುಗಟ್ಟಲೆ ಬಿಸಿ ಶಾಖ ಕೊಡುತ್ತಾ ಕೂರುವವರು ನಮ್ಮ ಕಡೆ ತುಂಬಾ ಮಂದಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ, ಕೂದಲೂ ಉದುರಿದರೆ, ದಯವಿಟ್ಟು ತೋರಿಸಿ.

ಕಾರಣ ಗೊತ್ತಾಗದೆ ಕಸಿ ಮಾಡಿದರೆ ನೆಟ್ಟದ್ದೂ ಉದುರಬಹುದು. ಅಲೋಪೇಶಿಯಾ ಏರಿಯಾಟಾದಲ್ಲಿ ದೇಹವೇ ತನ್ನ ಕೂದಲಿನ ಬುಡದ ಮೇಲೆ ದಾಳಿ ಮಾಡುತ್ತಿರುತ್ತದೆ. ಹೊಸ ಕೂದಲನ್ನು ಅದು ಬಿಡುವುದಿಲ್ಲ. ಕಾಯಿಲೆ ಚುರುಕಾಗಿ ಇರುವಾಗ ಯಾವ ಒಳ್ಳೆಯ ಡಾಕ್ಟರೂ ಸೂಜಿ ಹಿಡಿಯುವುದಿಲ್ಲ. ಕ್ಯಾನ್ಸರಿಗೆ ಕೊಡುವ ಕೀಮೋದಿಂದ ಹೋದದ್ದಾದರೆ ಸಾಮಾನ್ಯವಾಗಿ ಚಿಕಿತ್ಸೆ ಮುಗಿದು ಕೆಲವು ತಿಂಗಳಲ್ಲಿ ತಾನಾಗಿ ಬರುತ್ತದೆ, ಕಾಯಬೇಕು ಅಷ್ಟೆ.

ಔಷಧಿಯ ವಿಷಯವನ್ನೂ ಅವರೇ ಹೇಳಿದರು. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಕಾಯಿಲೆಗೆ ಹಾಕುವ ಬೈಮಾಟೊಪ್ರಾಸ್ಟ್ ಎಂಬ ಹನಿ ಇದೆ. ಅದನ್ನು ಹಾಕಿಕೊಂಡವರ ರೆಪ್ಪೆಗೂದಲು ಉದ್ದ ಆಗುವುದು ಕಂಡುಬಂತು. 2008ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ರೆಪ್ಪೆಗೂದಲಿಗೆಂದೇ ಅದರ 0.03% ದ್ರಾವಣಕ್ಕೆ ಒಪ್ಪಿಗೆ ಕೊಟ್ಟಿತು. ರಾತ್ರಿ ಒಂದು ಸಲ ಮೇಲ್ರೆಪ್ಪೆಯ ಅಂಚಿಗೆ ಸವರುವುದು. ಪೂರ್ತಿ ಪರಿಣಾಮಕ್ಕೆ ಸುಮಾರು 16 ವಾರ ಬೇಕು. ನಿಲ್ಲಿಸಿದರೆ ನಿಧಾನಕ್ಕೆ ಮೊದಲಿನ ಸ್ಥಿತಿಗೆ ಮರಳುತ್ತದೆ. ರೆಪ್ಪೆಯ ಚರ್ಮ ಕಪ್ಪಾಗಬಹುದು, ಕಣ್ಣು ಕೆಂಪಾಗಬಹುದು, ಕಣ್ಣಿನ ಸುತ್ತ ಕೊಬ್ಬು ಕರಗಿ ಗುಳಿ ಬೀಳಬಹುದು. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗ ಕಂದು ಆದರೆ ಅದು ಹಿಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಡಾಕ್ಟರ್ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದು ಹಚ್ಚಬೇಡಿ. ಕೂದಲು ತೆಳ್ಳಗಾದವರಿಗೆ ಕಸಿಗಿಂತ ಮೊದಲು ಇದನ್ನೇ ನೋಡುವುದು ಒಳ್ಳೆಯದು. ನನಗೆ ಇದು ಪ್ರಯೋಜನ ಇರಲಿಲ್ಲ. ಬುಡ ಜೀವಂತ ಇದ್ದರೆ ಮಾತ್ರ ಔಷಧಿ ಅದನ್ನು ಎಬ್ಬಿಸಬಲ್ಲದು. ಸುಟ್ಟ ಕಲೆಯಲ್ಲಿ ಬುಡವೇ ಇಲ್ಲ.

"ಕಲೆ ಪೂರ್ತಿ ಮೆತ್ತಗಾಗಲಿ, ಒಂದು ವರ್ಷ ಬಿಟ್ಟು ಬನ್ನಿ" ಎಂದರು. ನನಗೆ ಬೇಸರ ಆಯಿತು. ಅಮ್ಮನಿಗೆ ಸಮಾಧಾನ ಆಯಿತು. "ಕಾಯ್ಲಿಕ್ಕೆ ಹೇಳುವವರ ಕೈಯಲ್ಲೇ ಮಾಡಿಸು ಮಗಾ" ಎಂದರು.

ಈಗ ಮೊದಲಿನ ಮಾತಿಗೆ ಬರುತ್ತೇನೆ. ನೆಟ್ಟ ಕೂದಲು ಯಾಕೆ ಬೆಳೆಯುತ್ತಲೇ ಇರುತ್ತದೆ? ನಮ್ಮ ಸ್ವಂತ ರೆಪ್ಪೆಗೂದಲು ಬೆಳೆಯುವುದು ಒಂದೆರಡು ತಿಂಗಳು ಮಾತ್ರ. ಆಮೇಲೆ ನಿಂತು, ಕೆಲವು ತಿಂಗಳು ಹಾಗೇ ಇದ್ದು, ಉದುರುತ್ತದೆ. ಹಾಗಾಗಿ ಮೇಲ್ರೆಪ್ಪೆಯ ಕೂದಲು 8ರಿಂದ 12 ಮಿಲಿಮೀಟರ್ ದಾಟುವುದಿಲ್ಲ. ತಲೆಕೂದಲು ಹಾಗಲ್ಲ, ವರ್ಷಗಟ್ಟಲೆ ಬೆಳೆಯುತ್ತದೆ. ಜಾಗ ಬದಲಾದರೂ ಆ ಗುಣ ಬದಲಾಗುವುದಿಲ್ಲ. ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಬರೆದು ತೋರಿಸಿದ್ದು ಇದನ್ನೇ: ಕಸಿ ಮಾಡಿದ ಕೂದಲು ಬಂದ ಜಾಗದ ಸ್ವಭಾವವನ್ನೇ ಉಳಿಸಿಕೊಳ್ಳುತ್ತದೆ. ಅಡಿಕೆ ಸಸಿಯನ್ನು ಗದ್ದೆಯಲ್ಲಿ ನೆಟ್ಟರೆ ಅದು ಭತ್ತ ಆಗುವುದಿಲ್ಲ ತಾನೇ. ತಲೆ ಬೋಳಾದವರಿಗೆ ಇದೇ ಗುಣ ವರ. ರೆಪ್ಪೆಗೆ ಇದೇ ಗುಣದಿಂದ ಜೀವನಪೂರ್ತಿ ಕೆಲಸ. ತಲೆ ನರೆತಾಗ ಈ ಕೂದಲೂ ನರೆಯುತ್ತದೆ. ನನಗೆ ನಲವತ್ತು ದಾಟಿದೆ, ಆದ್ದರಿಂದ ಇದನ್ನು ಕೇಳಿ ತಿಳಿದುಕೊಂಡೇ ಒಪ್ಪಿದೆ.

ಶಸ್ತ್ರಚಿಕಿತ್ಸೆ ಹೇಗೆ ಎಂದು ಹೇಳುತ್ತೇನೆ. ಇದೇನೂ ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಜರ್ಮನಿಯ ಕ್ರೂಸಿಯಸ್ ಎಂಬ ಡಾಕ್ಟರ್ ಜೀವಂತ ಕೂದಲನ್ನು ರೆಪ್ಪೆಗೆ ನೆಡುವ ಬಗ್ಗೆ 1914ರಲ್ಲೇ ಬರೆದಿದ್ದರು. ಈಗಲೂ ಕೈಕೆಲಸವೇ. ಕಿವಿಯ ಹಿಂದೆ, ಕುತ್ತಿಗೆಯ ಹತ್ತಿರ ಇರುವ ನಯವಾದ ಕೂದಲನ್ನು ಆರಿಸುತ್ತಾರೆ, ಏಕೆಂದರೆ ತಲೆಯ ನಡುವಿನ ಕೂದಲು ರೆಪ್ಪೆಗೆ ದಪ್ಪ ಆಗುತ್ತದೆ. ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೂದಲನ್ನು ಬುಡ ಸಮೇತ ತೆಗೆಯುತ್ತಾರೆ. ಒಂದು ಬುಡ, ಒಂದೇ ಕೂದಲು. ಕೂದಲನ್ನು ಗಿಡ್ಡ ಮಾಡದೆ ಉದ್ದಕ್ಕೇ ಬಿಟ್ಟಿರುತ್ತಾರೆ. ಅದು ಯಾವ ಕಡೆ ಬಾಗುತ್ತದೆ ಎಂದು ನೋಡಿ ನೆಡಬೇಕಲ್ಲ.

ಆಮೇಲೆ ರೆಪ್ಪೆ. ಕಣ್ಣುಗುಡ್ಡೆಯ ಮೇಲೆ ಲೆನ್ಸಿನ ಹಾಗಿರುವ ಒಂದು ಕವಚ ಇಡುತ್ತಾರೆ. ಸೂಜಿಯಿಂದ ಗುಡ್ಡೆಯನ್ನು ಕಾಯುವುದು ಅದೇ. ಇದನ್ನು ಹಾಕುತ್ತೀರಾ ಎಂದು ಮೊದಲೇ ಕೇಳಿ. ರೆಪ್ಪೆಗೆ ಕೊಡುವ ಇಂಜೆಕ್ಷನ್ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮರಗಟ್ಟುತ್ತದೆ. ಬಾಗಿದ ಸೂಜಿಯ ಕಣ್ಣಿಗೆ ಕೂದಲಿನ ತುದಿ ಪೋಣಿಸಿ, ರೆಪ್ಪೆಯ ಅಂಚಿಗಿಂತ ಸ್ವಲ್ಪ ಮೇಲೆ ಚುಚ್ಚಿ, ಕೂದಲು ಹುಟ್ಟುವ ಗೆರೆಯಲ್ಲಿ ಹೊರಗೆ ಎಳೆಯುತ್ತಾರೆ. ಬುಡ ಚರ್ಮದೊಳಗೆ ಕೂರುತ್ತದೆ. ಹೀಗೆ ಒಂದೊಂದಾಗಿ. ಬಾಗು ಮೇಲ್ಮುಖವಾಗಿ ಇರಬೇಕು. ನೋವಿಲ್ಲ, ಆದರೆ ರೆಪ್ಪೆ ಎಳೆದ ಹಾಗೆ ಆಗುವುದು ಗೊತ್ತಾಗುತ್ತದೆ. ಕೆಲವು ಗಂಟೆ ಅಲುಗಾಡದೆ ಮಲಗಬೇಕು. ಡಾಕ್ಟರಮ್ಮ ನಡುನಡುವೆ "ಇನ್ನು ಸ್ವಲ್ಪ ಉಂಟು ಟೀಚರ್" ಎಂದು ಹೇಳುತ್ತಿದ್ದರು. ಆ ಮಾತು ನನಗೆ ದೊಡ್ಡ ಧೈರ್ಯ ಆಗಿತ್ತು.

ಎಷ್ಟು ಕೂದಲು? ಮೇಲ್ರೆಪ್ಪೆಯಲ್ಲಿ ಹುಟ್ಟಾ ಇರುವುದು ನೂರರ ಆಸುಪಾಸು, ಅದಕ್ಕಿಂತ ಜಾಸ್ತಿಯೂ ಇರಬಹುದು. ಕಸಿಯಲ್ಲಿ ಇಡೀ ರೆಪ್ಪೆಗೆ ಸಾಮಾನ್ಯವಾಗಿ 40ರಿಂದ 60 ನೆಡುತ್ತಾರೆ. ಅಂದರೆ ದೇವರು ಕೊಟ್ಟಷ್ಟು ದಟ್ಟ ಆಗುವುದಿಲ್ಲ. ಕೆಳರೆಪ್ಪೆಗೆ ಅನೇಕರು ಮಾಡುವುದೇ ಇಲ್ಲ, ಅಲ್ಲಿ ರೆಪ್ಪೆ ಮಡಚಿಕೊಳ್ಳುವ ಅಪಾಯ ಇದೆ.

ನಂತರದ ದಿನಗಳು ಸುಲಭ ಇರಲಿಲ್ಲ. ರೆಪ್ಪೆ ಊದಿ ನೀಲಿಯಾಗಿತ್ತು. ತಲೆ ಎತ್ತರ ಮಾಡಿ ಮಲಗಬೇಕು. ಉಜ್ಜಬಾರದು. ನಿದ್ದೆಯಲ್ಲಿ ಕೈ ಹೋಗದ ಹಾಗೆ ಪ್ಲಾಸ್ಟಿಕ್ ಗುರಾಣಿ ಕಟ್ಟಿಕೊಂಡು ಮಲಗುತ್ತಿದ್ದೆ. ಕಾಡಿಗೆ ಬೇಡ, ಬಚ್ಚಲು ಒಲೆಯ ಹೊಗೆ ಬೇಡ, ಅಡಿಕೆ ಅಂಗಳ ಬೇಡ. ಹುಣ್ಣಿನ ಹೊಟ್ಟು ಬಿದ್ದು ಇನ್ನೇನು ಚಂದ ಆಯಿತು ಎನ್ನುವಾಗ ಕೂದಲು ಉದುರಲು ಶುರು. ಎರಡು ಮೂರು ವಾರದ ನಂತರ ಹೀಗಾಗುತ್ತದೆ ಎಂದು ನನಗೆ ಮೊದಲೇ ಹೇಳಿದ್ದರು. ಕೂದಲು ಉದುರುತ್ತದೆ, ಬುಡ ಒಳಗೆ ಉಳಿಯುತ್ತದೆ. ಹೇಳದೇ ಇದ್ದಿದ್ದರೆ ಅತ್ತುಬಿಡುತ್ತಿದ್ದೆ. ಹೊಸದು ಬರಲು ಮೂರು ನಾಲ್ಕು ತಿಂಗಳು ಬೇಕು. ಪೂರ್ತಿ ಫಲ ಗೊತ್ತಾಗಲು ಒಂದು ವರ್ಷದ ಹತ್ತಿರ. ಮದುವೆಗೆ ಎರಡು ತಿಂಗಳು ಇರುವಾಗ ಮಾಡಿಸುತ್ತೇನೆ ಎನ್ನುವವರು ಈ ಲೆಕ್ಕ ನೋಡಿ.

ನಿಜವಾದ ಭಯ ಇರುವುದು ಕೂದಲಿನ ದಿಕ್ಕಿನಲ್ಲಿ. ಒಳಮುಖವಾಗಿ ಬೆಳೆದರೆ ಕಣ್ಣು ಮಿಟುಕಿಸಿದಾಗಲೆಲ್ಲ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಕೆರೆಯುತ್ತದೆ. ಗಾಯ ಆಗಬಹುದು, ಸೋಂಕು ಆಗಬಹುದು, ದೃಷ್ಟಿಗೇ ತೊಂದರೆ ಆಗಬಹುದು. ನನಗೂ ಒಂದು ಕೂದಲು ಹಾಗೆ ತಿರುಗಿತು. ಕಣ್ಣಲ್ಲಿ ಮರಳು ಸಿಕ್ಕಿದ ಹಾಗೆ ಚುಚ್ಚುತ್ತಿತ್ತು, ಬೆಳಕು ನೋಡಲು ಆಗುತ್ತಿರಲಿಲ್ಲ. ಅದೇ ದಿನ ಬಸ್ಸು ಹತ್ತಿ ಹೋದೆ. ಡಾಕ್ಟರಮ್ಮ ಅದನ್ನು ಕಿತ್ತು, ಬುಡವನ್ನು ಕರೆಂಟಿನಿಂದ ಸುಟ್ಟರು. ಚುಚ್ಚುವುದು, ಕೆಂಪು, ಕೀವು, ಮಂಜು ಮಂಜು ಕಾಣುವುದು, ಇದರಲ್ಲಿ ಯಾವುದಿದ್ದರೂ ನಾಳೆಗೆ ಇಡಬೇಡಿ.

ಅದಕ್ಕೇ ನಮ್ಮ ಕಾಸರಗೋಡಿನವರಿಗೆ ವಿಶೇಷವಾಗಿ ಹೇಳುವುದು: ಕಡಿಮೆ ದುಡ್ಡಿಗೆ ಆಗುತ್ತದೆ ಎಂದು ದೂರದ ಊರಿಗೆ ಹೋಗಿ ಮಾಡಿಸಿ ಬರಬೇಡಿ. ಅಗತ್ಯ ಬಿದ್ದ ದಿನವೇ ಹೋಗಿ ತಲುಪುವ ಕಡೆ ಮಾಡಿಸಿ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಎಂದು ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳ ಗತಿ ಏನಾಯಿತು ಎಂಬುದನ್ನು ನಾವ್ಯಾರೂ ಮರೆತಿಲ್ಲ. ಗಡಿಯ ಈಚೆ, ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ತುರ್ತಿಗೆ ಕಣ್ಣು ನೋಡುವ ಡಾಕ್ಟರೊಬ್ಬರ ಪರಿಚಯ ಮಾಡಿಕೊಂಡಿರಿ. ಏನು ಮಾಡಿಸಿದ್ದೀರಿ ಎಂಬ ಕಾಗದ ಅವರ ಹತ್ತಿರವೂ ಒಂದಿರಲಿ.

ಒಪ್ಪಿಗೆ ಪತ್ರದ ವಿಷಯ. ನನ್ನ ಮುಂದೆ ಇಟ್ಟದ್ದು ಇಂಗ್ಲಿಷಿನದು. ನಮ್ಮ ಊರಿನ ಅನೇಕರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೆ. ತೋರಿಸಿದ ಕಡೆ ಸಹಿ ಹಾಕಿ ಬರುತ್ತೇವೆ. ಹಾಗೆ ಮಾಡಬೇಡಿ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ. ನಾನು ಕೇಳಿದೆ, ನರ್ಸ್ ಒಬ್ಬರು ಕೂತು ಒಂದೊಂದು ಸಾಲನ್ನೂ ಹೇಳಿದರು. ಕೆಲವು ಕೂದಲು ಹಿಡಿಯದೇ ಹೋಗಬಹುದು, ಮತ್ತೊಮ್ಮೆ ಮಾಡಬೇಕಾಗಬಹುದು ಎಂಬ ಸಾಲು ಅದರಲ್ಲೇ ಇತ್ತು. ಆ ಎರಡನೇ ಸಲಕ್ಕೆ ದುಡ್ಡು ಎಷ್ಟು ಎಂದು ಅಲ್ಲೇ ಕೇಳಿ ಬರೆಸಿಕೊಂಡೆ.

ವಿಮೆ ಇರುವವರು ಇನ್ನೊಂದು ಗಮನಿಸಿ. ಚಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳ ನಂತರ ಸರಿಪಡಿಸಲು ಮಾಡುವುದನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಸುಟ್ಟ ದಿನದ ಚೀಟಿ, ಫೋಟೋ, ಡಾಕ್ಟರ್ ಬರೆದ ಕಾರಣ ಎಲ್ಲ ಜೋಪಾನ ಮಾಡಿ. ಚೀಟಿಯಲ್ಲಿ ಸುಟ್ಟಗಾಯ ಎಂದು ಸ್ಪಷ್ಟವಾಗಿ ಇರಲಿ.

ಈಗ ನನ್ನ ದಿನಚರಿಯಲ್ಲಿ ಇದಕ್ಕೂ ಜಾಗ ಇದೆ. ಬೆಳಗ್ಗೆ ಕರ್ಲರ್ ಒತ್ತಿ ಬಾಗಿಸುತ್ತೇನೆ, ತಲೆಕೂದಲಿಗೆ ರೆಪ್ಪೆಯ ಬಾಗು ತಾನಾಗಿ ಬರುವುದಿಲ್ಲ. ತುದಿ ಮೊಂಡಾದ ಸಣ್ಣ ಕತ್ತರಿಯಿಂದ ಎಡಗಣ್ಣಿನ ಅಳತೆಗೆ ಕತ್ತರಿಸುತ್ತೇನೆ. ಅಂಟಿಸುವ ಕೃತಕ ರೆಪ್ಪೆ ಹತ್ತಿರ ಸೇರಿಸುವುದಿಲ್ಲ. ಧೂಳಿನ ತೊಂದರೆ ತುಂಬಾ ಕಡಿಮೆ ಆಗಿದೆ. ಮಕ್ಕಳ ಮುಂದೆ ನಿಂತಾಗ ಬಲಗಡೆ ಮುಖ ತಿರುಗಿಸಿಕೊಳ್ಳುವುದು ನಿಂತಿದೆ. ನನ್ನ ಮಟ್ಟಿಗೆ ಈ ಕೆಲಸ ಒಪ್ಪಿಗೆ. ಎಲ್ಲ ಸರಿ ಇರುವ ರೆಪ್ಪೆಯನ್ನು ಇನ್ನೂ ಉದ್ದ ಮಾಡಲು ಯಾರಾದರೂ ಕೇಳಿದರೆ ಮಾತ್ರ ಬೇಡ ಎಂದೇ ಹೇಳುತ್ತೇನೆ.

ಹೋದ ವರ್ಷ ನಮ್ಮ ಶಾಲೆಯ ಒಬ್ಬಳು ಹುಡುಗಿಯ ತಾಯಿ ಬಂದಿದ್ದರು. ಮಗಳ ಎರಡೂ ಕಣ್ಣಿನ ರೆಪ್ಪೆ ಬೋಳು. "ಟೀಚರೇ, ನಿಮಗೆ ಮಾಡಿದ ಡಾಕ್ಟ್ರ ನಂಬರ್ ಕೊಡಿ" ಎಂದರು. ಹುಡುಗಿ ಪಾಠದ ನಡುವೆ ಬೆರಳಿನಿಂದ ರೆಪ್ಪೆ ಎಳೆಯುವುದನ್ನು ನಾನು ನೋಡಿದ್ದೆ. ಅದು ಕೆಟ್ಟ ಚಾಳಿ ಅಲ್ಲ, ಟ್ರೈಕೋಟಿಲೊಮೇನಿಯಾ ಎಂಬ ಮನಸ್ಸಿನ ತೊಂದರೆ. ಬೈದರೆ ಜಾಸ್ತಿ ಆಗುತ್ತದೆ. ಕಸಿ ಮಾಡಿದರೆ ನೆಟ್ಟದ್ದನ್ನೂ ಎಳೆದುಹಾಕುತ್ತಾಳೆ. ಅವಳಿಗೆ ಬೇಕಾಗಿರುವುದು ಮಕ್ಕಳ ಮನಸ್ಸು ನೋಡುವ ಡಾಕ್ಟರ್, ಸ್ವಲ್ಪ ತಾಳ್ಮೆ. ಎಳೆಯುವುದು ನಿಂತರೆ ಆ ವಯಸ್ಸಿನಲ್ಲಿ ಕೂದಲು ಹೆಚ್ಚಾಗಿ ತಾನೇ ಬರುತ್ತದೆ. ತುಂಬಾ ವರ್ಷ ಎಳೆದರೆ ಬುಡ ಸಾಯುತ್ತದೆ, ಆದ್ದರಿಂದ ತಡ ಮಾಡಬಾರದು. ತಾಯಿಯನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಅವರಿಗೆ ನಾನು ಬರೆದುಕೊಟ್ಟದ್ದು ಮಕ್ಕಳ ಮನೋವೈದ್ಯರ ನಂಬರ್.